ಈ ಸಾಲು ಯಾರದು?

ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಎಂದ ಕೂಡಲೇ ನೆಂಟರು ಸಂಬಳ ಎಷ್ಟು ಎಂದು ಕೇಳುತ್ತಾರೆ. ನಾನು ಕೋಡ್ ಬರೆಯುವುದಿಲ್ಲ, ಬೇರೆಯವರು ಬರೆದ ಕೋಡನ್ನು ಹೇಗೆ ಬಳಸಬೇಕು ಎಂದು ಬರೆಯುತ್ತೇನೆ ಎಂದರೆ ಆ ಪ್ರಶ್ನೆಯನ್ನೂ ಅರ್ಧಕ್ಕೆ ಬಿಟ್ಟು ಕಾಫಿ ಕುಡಿಯುತ್ತಾರೆ. ಹುದ್ದೆಯ ಹೆಸರು ಟೆಕ್ನಿಕಲ್ ರೈಟರ್. ಹೊಸ ಮಿಕ್ಸಿ ತಂದಾಗ ಡಬ್ಬದ ತಳದಲ್ಲಿ ಎಂಟು ಮಡಿಕೆಯ ತೆಳ್ಳನೆಯ ಹಾಳೆಯೊಂದು ಸಿಗುತ್ತದಲ್ಲ, ಅದನ್ನು ಬರೆಯುವವರ ಕುಲದವಳು ನಾನು. ಆ ಹಾಳೆಯನ್ನು ಯಾರೂ ಓದುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಮಿಕ್ಸಿ ಕೆಟ್ಟಾಗ ಎಲ್ಲರೂ ಓದುತ್ತಾರೆ, ಅದೂ ಸಿಟ್ಟಿನಲ್ಲಿ. ಬೇರೆ ಬರಹಗಾರರಿಗೆ ಇಷ್ಟು ಏಕಾಗ್ರತೆಯ ಓದುಗರು ಸಿಗುವುದು ಅಪರೂಪ.

ಈ ಸಲ ನನ್ನ ಪಾಲಿಗೆ ಬಂದದ್ದು ಕಮಿಟ್ ಹಿಸ್ಟರಿ ತೋರಿಸುವ ಟೂಲ್. ನಮ್ಮ ಹುಡುಗರೇ ಆಫೀಸಿನ ಒಳಬಳಕೆಗೆಂದು ಕಟ್ಟಿದ್ದು. ಕೋಡಿನ ಸಹವಾಸ ಇಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ಪ್ರೋಗ್ರಾಂ ಬರೆಯುವವರು ತಾವು ತಿದ್ದಿದ್ದನ್ನು ಆಗಾಗ 'ಕಮಿಟ್' ಮಾಡಿ ಜೋಪಾನ ಮಾಡುತ್ತಾರೆ. ಯಾರು ತಿದ್ದಿದರು, ಯಾವಾಗ, ಯಾವ ಫೈಲಿನ ಯಾವ ಸಾಲು ಹೋಗಿ ಯಾವ ಸಾಲು ಬಂತು, ಇದರ ಹಿಂದಿನ ಕಮಿಟ್ ಯಾವುದು, ಎಲ್ಲಕ್ಕೂ ಲೆಕ್ಕವಿರುತ್ತದೆ. ಯಾಕೆ ತಿದ್ದಿದರು ಎಂದು ಬರೆಯುವುದಕ್ಕೆ ಜಾಗ ಇರುತ್ತದೆ. ಜಾಗ ಇರುತ್ತದೆ ಎಂದಷ್ಟೇ ಹೇಳಿದ್ದೇನೆ, ಗಮನಿಸಿ.

"ಇದಕ್ಕೆಲ್ಲ ಡಾಕ್ಯುಮೆಂಟೇಷನ್ ಯಾಕೆ ಮೇಡಂ? ನೋಡಿದ್ರೆ ಗೊತ್ತಾಗತ್ತೆ" ಎಂದ, ಟೂಲ್ ಕಟ್ಟಿದ ಹುಡುಗ.

"ಹಾಗಾದ್ರೆ ಈ ಮೂಲೆಯಲ್ಲಿರೋ ಬಟನ್ ಏನು?"

"ಅದಾ..." ಎಂದು ಸ್ಕ್ರೀನಿನ ಹತ್ತಿರ ಬಗ್ಗಿ ಸ್ವಲ್ಪ ಹೊತ್ತು ನೋಡಿದ. "ಅದನ್ನ ಒತ್ತಬೇಡಿ ಅಂತ ಬರೀರಿ."

ನನ್ನ ಅನುಭವದಲ್ಲಿ, ನೋಡಿದರೆ ಗೊತ್ತಾಗುತ್ತದೆ ಎಂದು ಬಾಯಿಬಿಟ್ಟು ಹೇಳಬೇಕಾದ ಯಾವ ವಸ್ತುವೂ ನೋಡಿದರೆ ಗೊತ್ತಾಗುವಂಥದ್ದಲ್ಲ. ಎಡಗಡೆ ಬಣ್ಣಬಣ್ಣದ ಗೆರೆಗಳು ಒಂದರ ಮೇಲೊಂದು ಹಾದು ಕೆಳಗಿಳಿಯುತ್ತವೆ, ನಡುನಡುವೆ ಚುಕ್ಕಿಗಳು. ಚುಕ್ಕಿಯ ಪಕ್ಕ ಅಂಕಿ-ಅಕ್ಷರ ಬೆರೆತ ಏಳು ಚಿಹ್ನೆಗಳ ಸಂಖ್ಯೆ. ಅದರ ಪೂರ್ತಿ ಉದ್ದ ನಲವತ್ತು. ಹ್ಯಾಷ್ ಎನ್ನುತ್ತಾರೆ. ಕಮಿಟ್‌ನ ಒಳಗಿರುವುದನ್ನೆಲ್ಲ, ಹಿಂದಿನ ಕಮಿಟ್‌ನ ಹ್ಯಾಷನ್ನೂ ಸೇರಿಸಿ, ಅರೆದು ತೆಗೆದ ಗುರುತು. ಇದನ್ನು ಫೋನಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳುವುದನ್ನು ಕೇಳಬೇಕು: "ಇ ಫಾರ್ ಎಲಿಫೆಂಟ್, ಎಂಟು, ಮೂರು, ಸಿ ಫಾರ್ ಕ್ಯಾಟ್... ಅಲ್ಲ ಗುರು, ಡಿ ಅಲ್ಲ, ಸಿ, ಸಿ!"

ಮನೆಯಲ್ಲಿ ಅಪ್ಪನಿಗೆ ಈ ಟೂಲ್ ಏನು ಮಾಡುತ್ತದೆ ಎಂದು ವಿವರಿಸಲು ಹೊರಟೆ. ಗೆರೆ, ಚುಕ್ಕಿ, ಯಾರಿಂದ ಯಾರು ಎಂದು ನಾನು ಇನ್ನೂ ಪೀಠಿಕೆಯಲ್ಲಿರುವಾಗಲೇ "ಅಂದ್ರ ಹೆಳವರ ಹೊತ್ತಿಗಿ" ಎಂದು ಮುಗಿಸಿಬಿಟ್ಟರು. ನಮ್ಮದು ಬಾಗಲಕೋಟೆ ಕಡೆಯ ಊರು. ಸುಗ್ಗಿ ಮುಗಿದ ಮೇಲೆ ಹೆಳವರು ಎತ್ತು ಹೊಡೆದುಕೊಂಡು ಬಂದು, ಕಟ್ಟೆಯ ಮೇಲೆ ಕೂತು, ಮನೆತನದ ವಂಶಾವಳಿ ಓದುತ್ತಾರೆ. ಮೂಲ ಊರು ಯಾವುದು, ಅಲ್ಲಿಂದ ಯಾಕೆ ಎದ್ದು ಬಂದಿರಿ, ಮುತ್ತಜ್ಜನಿಗೆ ಎಷ್ಟು ಜನ ಮಕ್ಕಳು, ಯಾವ ಕವಲು ಯಾವ ಊರಿಗೆ ಹೋಯಿತು, ಯಾರು ದತ್ತಕ ಬಂದರು. ಹೋದ ಸಲದಿಂದ ಈ ಸಲದವರೆಗೆ ಹುಟ್ಟಿದ ಮಕ್ಕಳ ಹೆಸರು ಸೇರಿಸಿಕೊಂಡು, ಕಾಳುಕಡಿ, ಬಟ್ಟೆ, ದುಡ್ಡು ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಹೋಲಿಕೆ ಚೆನ್ನಾಗಿಯೇ ಹೊಂದುತ್ತದೆ. ಒಂದು ಕಡೆ ಮಾತ್ರ ಹೆಳವರದೇ ಮೇಲುಗೈ. ಅವರ ಓದಿನಲ್ಲಿ 'ಯಾಕೆ' ಇರುತ್ತದೆ. ಬರ ಬಿತ್ತು, ಅದಕ್ಕೆ ಊರು ಬಿಟ್ಟರು. ದಾಯಾದಿಗಳು ಜಗಳಾಡಿದರು, ಅದಕ್ಕೆ ಬೇರೆಯಾದರು. ನಮ್ಮ ಕಮಿಟ್‌ಗಳಲ್ಲಿ ಊರು ಬಿಟ್ಟದ್ದು ಮಾತ್ರ ಇರುತ್ತದೆ.

ಕೈಪಿಡಿ ಬರೆಯುವ ಮುಂಚೆ ಹಿಂದಿನವರು ಏನು ಮಾಡಿದ್ದಾರೆ ನೋಡೋಣ ಎಂದು ಹೊರಟರೆ ಹಿಂದಿನವರು ಬಹಳ ಜನ. 1972ರಲ್ಲೇ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಕ್‌ಕೈಂಡ್ ಎಂಬವರು ಕೋಡಿನ ಹಳೆಯ ಆವೃತ್ತಿಗಳನ್ನು ಕಾದಿಡುವ ವ್ಯವಸ್ಥೆ ಮಾಡಿದ್ದರು. ಇವತ್ತು ನಮ್ಮಂಥ ಕಚೇರಿಗಳಲ್ಲೆಲ್ಲ ನಡೆಯುವುದು ಗಿಟ್. ಅದರ ಹುಟ್ಟು ಒಂದು ಮನಸ್ತಾಪದಿಂದ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಕಟ್ಟುವವರು 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ಟೂಲನ್ನು ಪುಕ್ಕಟೆಯಾಗಿ ಬಳಸುತ್ತಿದ್ದರು. 2005ರಲ್ಲಿ ಆ ಪುಕ್ಕಟೆ ಅನುಮತಿ ಹೋಯಿತು. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಬೇರೆಯದನ್ನು ಹುಡುಕಿ, ಯಾವುದೂ ಒಗ್ಗದೆ, ತಾನೇ ಬರೆಯಲು ಕೂತ. ಏಪ್ರಿಲ್ 7ರ ಹೊತ್ತಿಗೆ ಗಿಟ್ ತನ್ನ ಚರಿತ್ರೆಯನ್ನು ತಾನೇ ಇಟ್ಟುಕೊಳ್ಳುವಷ್ಟು ಬೆಳೆದಿತ್ತು. ಹತ್ತು ದಿನ ತುಂಬುವ ಮುಂಚೆಯೇ, ಏಪ್ರಿಲ್ 16ರಂದು, ಇಡೀ ಲಿನಕ್ಸ್ ಕರ್ನಲ್ ಒಂದೇ ಕಮಿಟ್ ಆಗಿ ಅದರೊಳಗೆ ಬಂತು.

ಆ ಕಮಿಟ್‌ನ ಸಂದೇಶವನ್ನು ನನ್ನ ಪರಿಚಯದ ಎಲ್ಲ ಟೆಕ್ನಿಕಲ್ ರೈಟರುಗಳೂ ಓದಬೇಕು. ಲಿನಕ್ಸ್ ಶುರುವಾದದ್ದು 1991ರಲ್ಲಿ. ಹಳೆಯ ಚರಿತ್ರೆ ನಮ್ಮ ಹತ್ತಿರ ಇದೆ, ಆದರೂ ಅದನ್ನೆಲ್ಲ ಇಲ್ಲಿ ತುಂಬುವ ಗೋಜಿಗೆ ಹೋಗುವುದಿಲ್ಲ, ತುಂಬಿದರೆ 3.2 ಜಿಬಿ ಆಗುತ್ತದೆ, ಬೇಕಾದರೆ ಮುಂದೆ ಪ್ರತ್ಯೇಕವಾಗಿ ಮಾಡಿಕೊಳ್ಳೋಣ ಎಂಬ ಅರ್ಥದಲ್ಲಿ ಬರೆದು, ಇನ್ನು ಹೊಡೀರಿ ಗಾಡಿ ಎಂಬ ಧಾಟಿಯಲ್ಲಿ ಲಿನಸ್ ಮುಗಿಸುತ್ತಾನೆ. ಇದರ ಪರಿಣಾಮ ಇವತ್ತಿಗೂ ತಮಾಷೆಯಾಗಿದೆ. ಗಿಟ್‌ನಲ್ಲಿ 'ಬ್ಲೇಮ್' ಎಂಬ ಆಜ್ಞೆಯಿದೆ. ಫೈಲಿನ ಪ್ರತಿ ಸಾಲಿನ ಎದುರಿಗೂ ಅದನ್ನು ಕೊನೆಯದಾಗಿ ಮುಟ್ಟಿದವರ ಹೆಸರು ಹಾಕಿ ತೋರಿಸುತ್ತದೆ. ಕರ್ನಲ್‌ನ ಯಾವುದಾದರೂ ಮೂಲೆಯಲ್ಲಿ 2005ರಿಂದ ಈಚೆಗೆ ಯಾರೂ ಮುಟ್ಟದ ಸಾಲು ಸಿಕ್ಕಿದರೆ, ಅದನ್ನು ತೊಂಬತ್ತರ ದಶಕದಲ್ಲಿ ಯಾವ ದೇಶದ ಯಾರೇ ಬರೆದಿರಲಿ, ಎದುರಿಗೆ ಬರುವ ಹೆಸರು ಲಿನಸ್‌ನದೇ. ಹದಿನಾಲ್ಕು ವರ್ಷ ನೂರಾರು ಜನ ಮಾಡಿದ ಪಾಪ ಪುಣ್ಯವೆಲ್ಲ ಒಬ್ಬನ ತಲೆಗೆ. ಹಳೆಯ ಗಂಟನ್ನು ಹೊರಲಾರೆ ಎಂದವನಿಗೆ ಇಷ್ಟಾದರೂ ಆಗಬೇಕಾದದ್ದೇ. ನಮ್ಮ ಕೈಪಿಡಿಯಲ್ಲಿ ನಾನು ಇದನ್ನು ಒಂದು ಎಚ್ಚರಿಕೆಯ ಚೌಕದೊಳಗೆ ಹಾಕಿದೆ: ಬ್ಲೇಮ್ ತೋರಿಸುವುದು ಕೊನೆಯದಾಗಿ ಮುಟ್ಟಿದವರನ್ನು, ಬರೆದವರನ್ನೇ ಅಲ್ಲ. ಯಾರೋ ಫೈಲಿಗೆಲ್ಲ ಟ್ಯಾಬ್ ತೆಗೆದು ಸ್ಪೇಸ್ ಹಾಕಿದರೆ ಸಾವಿರ ಸಾಲಿಗೂ ಅವರೇ ಹೊಣೆ. ಆ ಚೌಕಕ್ಕೆ ಕಾರಣರಾದವರಲ್ಲಿ ಒಬ್ಬ ನಮ್ಮ ಟೀಮಿನಲ್ಲೇ ಇದ್ದಾನೆ. ಒಳ್ಳೆಯ ಹುಡುಗ, ಅಚ್ಚುಕಟ್ಟು ಜಾಸ್ತಿ.

ಗಿಟ್‌ಗೆ ಚಿತ್ರದಲ್ಲಿ ಚರಿತ್ರೆ ತೋರಿಸುವ ಮೊದಲ ಟೂಲ್ ಗಿಟ್‌ಕೆ. ಪಾಲ್ ಮ್ಯಾಕೆರಸ್ ಎಂಬವರು ಟಿಸಿಎಲ್-ಟಿಕೆಯಲ್ಲಿ ಬರೆದದ್ದು. ಇವತ್ತಿಗೂ ಇದೆ, ಇವತ್ತಿಗೂ ನೋಡಲು ಅದೇ ಬೂದುಬಣ್ಣದ ಬಟನ್ನು. ಚಂದದ ಮಾತು ಬಿಡಿ, ಕೆಲಸ ಗಟ್ಟಿ. ಅದು ಗಿಟ್‌ನೊಳಗೆ ಸೇರಿದ ಕಥೆ ಇನ್ನೂ ಚೆನ್ನಾಗಿದೆ. ಗಿಟ್‌ಕೆಗೆ ಅದರದೇ ಬೇರೆ ರೆಪೊ (ಕೋಡನ್ನೂ ಅದರ ಚರಿತ್ರೆಯನ್ನೂ ಇಡುವ ಉಗ್ರಾಣ), ಬೇರೆ ಚರಿತ್ರೆ ಇತ್ತು. 2005ರ ಜೂನ್‌ನಲ್ಲಿ ಲಿನಸ್ ಫೈಲನ್ನು ನಕಲು ಮಾಡಿ ಒಳಗಿಟ್ಟುಕೊಳ್ಳಲಿಲ್ಲ. ಆ ಚರಿತ್ರೆಯನ್ನೇ ಇಡಿಯಾಗಿ ತಂದು ಗಿಟ್‌ನ ಚರಿತ್ರೆಗೆ ಮರ್ಜ್ ಮಾಡಿದ, ಅಂದರೆ ಕೂಡಿಸಿದ. ಹಾಗಾಗಿ ಗಿಟ್‌ನ ಸ್ವಂತ ಲಾಗ್ ತೆಗೆದು ಬುಡಕ್ಕೆ ಇಳಿದರೆ ಬೇರು ಒಂದಲ್ಲ. ಅದರಲ್ಲೊಂದು, ಆ ಬೇರುಗಳನ್ನೆಲ್ಲ ನಮಗೆ ತೋರಿಸುವ ಟೂಲಿನದೇ ಬೇರು.

ಗಿಟ್‌ಕೆಯ ಮ್ಯಾನ್ ಪೇಜ್, ಅಂದರೆ ಕೈಪಿಡಿಯ ಪುಟ, ಚಿಕ್ಕದು. ಅದರ ಕೊನೆಗೆ, ಇವನ್ನೂ ನೋಡಿ ಎಂಬ ತಲೆಬರಹದ ಕೆಳಗೆ, ಕ್ಯೂಗಿಟ್ ಮತ್ತು ಟಿಗ್ ಎಂಬ ಬೇರೆ ಟೂಲ್‌ಗಳ ಹೆಸರುಗಳಿವೆ. ಅವೂ ಇದೇ ಕೆಲಸ ಮಾಡುವಂಥವು. ನಮ್ಮಲ್ಲಿ ಸೀರೆ ಸೇರದಿದ್ದರೆ ಎದುರಿನ ಅಂಗಡಿಯಲ್ಲಿ ನೋಡಿ ಎಂದು ಬೋರ್ಡು ಹಾಕುವ ಸಂಪ್ರದಾಯ ಚಿಕ್ಕಪೇಟೆಯಲ್ಲಂತೂ ಇಲ್ಲ. 1971ರ ನವೆಂಬರ್‌ನಲ್ಲಿ ಬಂದ ಯೂನಿಕ್ಸ್‌ನ ಮೊದಲ ಕೈಪಿಡಿಯಿಂದಲೂ ಈ ಜನರಿಗೆ ಇಂಥ ಒಂದು ಸಜ್ಜನಿಕೆ ಇದೆ. ಕೆನ್ ಥಾಂಪ್ಸನ್, ಡೆನಿಸ್ ರಿಚಿ ಬರೆದ ಆ ಪುಟಗಳಲ್ಲಿ ಆಜ್ಞೆಯ ಹೆಸರು, ಬಳಕೆ, ವಿವರಣೆ ಎಲ್ಲ ಆದ ಮೇಲೆ 'ಬಗ್ಸ್' ಎಂಬ ಭಾಗ ಬರುತ್ತದೆ: ಇದರಲ್ಲಿ ಇಂಥ ಇಂಥ ದೋಷಗಳಿವೆ ಎಂದು ತಾವೇ ಹೇಳಿಕೊಳ್ಳುವುದು. ನಾನು ನಮ್ಮ ಟೂಲಿನ ಕೈಪಿಡಿಗೂ ಆ ಭಾಗ ಇಟ್ಟಿದ್ದೆ. ರಿವ್ಯೂನಲ್ಲಿ ಅದು 'ತಿಳಿದಿರುವ ಮಿತಿಗಳು' ಆಯಿತು, ಮರುವಾರ 'ಮುಂದಿನ ಯೋಜನೆಗಳು' ಆಯಿತು.

ಮಾದರಿಗೆಂದು ನಾನು ಬಹಳ ಹೊತ್ತು ಕೂತು ಓದಿದ್ದು 'ಗಿಟ್ ಲಾಗ್' ಆಜ್ಞೆಯ ಪುಟ. ಪುಟ ಎನ್ನುವುದು ವಾಡಿಕೆಯ ಮಾತು. ಸ್ಕ್ರೋಲ್ ಮಾಡುತ್ತಾ ಹೋದರೆ ಬೆರಳು ಸೋಲುತ್ತದೆ. ಅದರಲ್ಲಿ ಇಲ್ಲದ್ದು ಇಲ್ಲ. ಡ್ಯಾಶ್ ಡ್ಯಾಶ್ ಒನ್‌ಲೈನ್ ಹಾಕಿದರೆ ಒಂದು ಕಮಿಟ್‌ಗೆ ಒಂದೇ ಸಾಲು. ಡ್ಯಾಶ್ ಡ್ಯಾಶ್ ಫಾಲೋ ಎಂದರೆ ಫೈಲು ಹೆಸರು ಬದಲಿಸಿಕೊಂಡು ಓಡಿದ್ದರೂ ಬೆನ್ನು ಹತ್ತುತ್ತದೆ. ದೊಡ್ಡ ಎಲ್ ಹಾಕಿ ಸಾಲಿನ ಸಂಖ್ಯೆ ಕೊಟ್ಟರೆ ಅಷ್ಟೇ ಸಾಲುಗಳು ಹುಟ್ಟಿದಂದಿನಿಂದ ಹೇಗೆ ಹೇಗೆ ಮೈ ಬದಲಿಸಿದವು ಎಂದು ಹೇಳುತ್ತದೆ. ನನಗೆ ಬಹಳ ಇಷ್ಟವಾದದ್ದು ದೊಡ್ಡ ಎಸ್. ಕೋಡ್‌ನಿಂದ ಮಾಯವಾದ ಒಂದು ಪದವನ್ನು ಅದಕ್ಕೆ ಕೊಡಿ. ಅದು ಯಾವ ಕಮಿಟ್‌ನಲ್ಲಿ ಒಳಗೆ ಬಂತು, ಯಾವುದರಲ್ಲಿ ಹೊರಗೆ ಹೋಯಿತು ಎಂದು ಹುಡುಕಿಕೊಡುತ್ತದೆ. ಗಿಟ್‌ನವರು ಅದನ್ನು ಪಿಕ್‌ಆ್ಯಕ್ಸ್ ಎನ್ನುತ್ತಾರೆ, ಅಂದರೆ ನಮ್ಮ ಗುದ್ದಲಿ. ಈ ಗುದ್ದಲಿ ಇರುವುದು ಇಪ್ಪತ್ತು ವರ್ಷ ಅನುಭವದ ಎಷ್ಟೋ ಎಂಜಿನಿಯರುಗಳಿಗೆ ಗೊತ್ತಿಲ್ಲ. ತಪ್ಪು ಅವರದಲ್ಲ, ಪುಟದ್ದು. ಆ ಪುಟ ಎಲ್ಲ ಆಯ್ಕೆಗಳನ್ನೂ ಸಾಲಾಗಿ ನಿಲ್ಲಿಸಿ ಒಂದೊಂದರ ಗುಣವನ್ನೂ ಕರಾರುವಾಕ್ಕಾಗಿ ಹೇಳುತ್ತದೆ. ಆದರೆ ಓದುವವನು ಆಯ್ಕೆ ಹುಡುಕಿಕೊಂಡು ಬಂದವನಲ್ಲ. ರಾತ್ರಿ ಹನ್ನೊಂದಕ್ಕೆ ಸರ್ವರ್ ಬಿದ್ದಿದೆ. ಮ್ಯಾನೇಜರ್ ಕಾಲ್‌ನಲ್ಲಿ ಕಾಯುತ್ತಿದ್ದಾರೆ. ನಿನ್ನೆವರೆಗೆ ಇದ್ದ ಒಂದು ಸಾಲು ಇವತ್ತು ಇಲ್ಲ. ಅವನಿಗೆ ಬೇಕಾದದ್ದು, ತೆಗೆದವನ್ಯಾರು.

ಅದಕ್ಕೇ ನಾನು ಕೈಪಿಡಿಯ ತಲೆಬರಹಗಳನ್ನು ಪ್ರಶ್ನೆಗಳಾಗಿಯೇ ಬರೆದೆ. 'ಈ ಸಾಲು ಯಾರದು?' 'ಇಲ್ಲಿದ್ದ ಸಾಲು ಎಲ್ಲಿ ಹೋಯಿತು?' 'ನಾನು ರಜೆಯಲ್ಲಿದ್ದಾಗ ಏನೇನಾಯಿತು?' ರಿವ್ಯೂಗೆ ಕೊಟ್ಟೆ. 'ಅನೋಟೇಷನ್ ಪ್ಯಾನೆಲ್‌ನ ಬಳಕೆ', 'ಅಡ್ವಾನ್ಸ್‌ಡ್ ಸರ್ಚ್ ಫಿಲ್ಟರ್‌ಗಳು', 'ಡೇಟ್ ರೇಂಜ್' ಆಗಿ ವಾಪಸ್ ಬಂದವು. ಮೀಟಿಂಗ್ ಆಯಿತು. ಪ್ರಶ್ನೆ ಹಾಕಿದರೆ ಪ್ರೊಫೆಷನಲ್ ಅನಿಸುವುದಿಲ್ಲ ಎಂದರು ಹಿರಿಯರೊಬ್ಬರು. "ಸಾರ್, ಹಿಸ್ಟರಿ ನೋಡಕ್ಕೆ ಬರೋರೆಲ್ಲ ಜಗಳಕ್ಕೆ ಮುಂಚೆ ಸಾಕ್ಷಿ ಹುಡುಕ್ತಾ ಬರೋರೇ" ಎಂದೆ. ಅವರು ನಕ್ಕರು, ನಗುತ್ತಲೇ 'ಡೇಟ್ ರೇಂಜ್' ಉಳಿಸಿಕೊಂಡರು. ಉಳಿದೆರಡು ಪ್ರಶ್ನೆಗಳು ಬದುಕಿದವು.

ತಾರೀಖಿನ ವಿಷಯಕ್ಕೆ ಒಂದು ಅಧ್ಯಾಯವೇ ಬೇಕಾಯಿತು. ಗಿಟ್ ಪ್ರತಿ ಕಮಿಟ್‌ಗೂ ಎರಡು ತಾರೀಖು ಇಟ್ಟುಕೊಳ್ಳುತ್ತದೆ: ಬರೆದವರದ್ದು ಒಂದು, ಅದನ್ನು ಚರಿತ್ರೆಗೆ ಸೇರಿಸಿದವರದ್ದು ಇನ್ನೊಂದು. ಬಹಳ ಸಲ ಎರಡೂ ಒಂದೇ. ಒಂದೇ ಅಲ್ಲದಾಗ ಟೂಲ್ ಕೆಟ್ಟಿದೆ ಎಂದು ಟಿಕೆಟ್ ಹಾಕುತ್ತಾರೆ. ವೇಳೆಯ ಬಾಲದಲ್ಲಿ ಪ್ಲಸ್ 0530 ಎಂದಿದ್ದರೆ ಅದು ನಮ್ಮ ಗಡಿಯಾರ; ಲಿನಸ್‌ನ ಆ ಮೊದಲ ಕಮಿಟ್‌ಗಳ ಬಾಲದಲ್ಲಿ ಮೈನಸ್ 0700 ಇದೆ, ಅಮೆರಿಕದ ಪಶ್ಚಿಮ ಕರಾವಳಿಯ ಬೇಸಿಗೆ ವೇಳೆ. ಈ ನಾಲ್ಕು ಅಂಕಿಯಲ್ಲಿ ಎಷ್ಟು ಸಂಸಾರ ಕಾಣುತ್ತದೆ ಎಂದರೆ ನಂಬುವುದಿಲ್ಲ. ಪ್ಲಸ್ 0530ರಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರು ಇದ್ದಕ್ಕಿದ್ದಂತೆ ಮೈನಸ್ 0500ಕ್ಕೆ ಹೋಗುತ್ತಾರೆ, ವೀಸಾ ಆಯಿತು ಎಂದುಕೊಳ್ಳಬೇಕು. ಬೆಳಗಿನ ಮೂರು ಗಂಟೆಯ ಕಮಿಟ್‌ಗಳು ಶುರುವಾದರೆ ರಿಲೀಸ್ ಹತ್ತಿರ ಬಂತು ಎಂದೋ, ಮನೆಯಲ್ಲಿ ಕೂಸು ಬಂತು ಎಂದೋ ಅರ್ಥ. ಕೈಪಿಡಿಯಲ್ಲಿ ನಾನು ಬರೆದದ್ದು: 'ವೇಳೆಯು ಬರೆದವರ ಕಾಲವಲಯದಲ್ಲಿ ಕಾಣಿಸುತ್ತದೆ.' ಅಷ್ಟೇ. ಈ ಉದ್ಯೋಗದಲ್ಲಿ ರಸ ಹಿಂಡಿ ಸಿಪ್ಪೆಯನ್ನು ಓದುಗರಿಗೆ ಕೊಡುವುದೇ ಶಿಸ್ತು.

ಆಮೇಲೆ ಸ್ಕ್ರೀನ್‌ಶಾಟಿನ ಸಮಸ್ಯೆ. ಕಂಪನಿಯ ನಿಜವಾದ ಚರಿತ್ರೆಯನ್ನು ಕೈಪಿಡಿಯಲ್ಲಿ ಹಾಕುವಂತಿಲ್ಲ; ನಿಜವಾದ ಹೆಸರುಗಳಂತೂ ಕೂಡದು. ಹಾಗಾಗಿ ಒಂದು ಸುಳ್ಳು ರೆಪೊ ಕಟ್ಟಬೇಕಾಯಿತು. ಸಂತೆಯ ಲೆಕ್ಕ ಇಡುವ ಪ್ರೋಗ್ರಾಂ ಎಂದು ಅದಕ್ಕೊಂದು ನೆಪ. ಬಳಸುವವರಿಗೆ ಯೂಸರ್ ಒನ್, ಯೂಸರ್ ಟೂ ಎಂದಿಡುವುದು ನನಗಾಗದು. ಅವರಿಗೂ, ಅವರ ಬ್ರಾಂಚ್ ಅಂದರೆ ಕೋಡಿನ ಕವಲುಗಳಿಗೂ ನದಿಗಳ ಹೆಸರಿಟ್ಟೆ. ಕೃಷ್ಣಾ ಮುಖ್ಯ ಬ್ರಾಂಚ್. ಘಟಪ್ರಭಾ ಬಂದು ಮೊದಲು ಮರ್ಜ್ ಆಗುತ್ತಾಳೆ, ಮಲಪ್ರಭಾ ಅದಾದ ಮೇಲೆ ಕೂಡಲಸಂಗಮದಲ್ಲಿ. ಬೆಂಗಳೂರಿನ ಕಂಪನಿಯ ಆಂತರಿಕ ದಸ್ತಾವೇಜಿನಲ್ಲಿ ನಮ್ಮ ಜಿಲ್ಲೆಯ ಭೂಗೋಳ ಕ್ರಮ ತಪ್ಪದೆ ಕೂತಿದೆ ಎಂಬ ಗುಟ್ಟಿನ ಖುಷಿಯಲ್ಲಿ ಒಂದು ವಾರ ಕಳೆಯಿತು. ಶಿವಮೊಗ್ಗದ ಸಹೋದ್ಯೋಗಿ ನೋಡಿ, ತುಂಗಾ ಭದ್ರಾ ಯಾಕಿಲ್ಲ ಎಂದು ತಕರಾರು ತೆಗೆದ. ಎರಡು ಬ್ರಾಂಚ್ ಕೂಡಿ ಮೂರನೆಯ ಹೆಸರಾಗುವ ಉದಾಹರಣೆಗೆ ಅದನ್ನೂ ಸೇರಿಸಿದೆ. ಎರಡಕ್ಕಿಂತ ಹೆಚ್ಚು ಬ್ರಾಂಚ್ ಒಟ್ಟಿಗೆ ಕೂಡುವ ಮರ್ಜ್‌ಗೆ ಆಕ್ಟೋಪಸ್ ಎನ್ನುತ್ತಾರೆ. ಲಿನಕ್ಸ್ ಕರ್ನಲ್‌ನಲ್ಲಿ 66 ಕವಲುಗಳು ಒಂದೇ ಏಟಿಗೆ ಕೂಡಿದ ಕಮಿಟ್ ಒಂದಿದೆ, ಲಿನಸ್ ಕೂಡ ಅದನ್ನು ಕಂಡು ಹೌಹಾರಿದ್ದ. ಅಷ್ಟು ನದಿ ಕರ್ನಾಟಕದಲ್ಲಿ ಒಂದೇ ಕಡೆ ಸೇರುವ ಜಾಗ ಸಿಗದೆ ಆ ಚಿತ್ರ ಕೈಬಿಟ್ಟೆ.

ಸುಳ್ಳು ಚರಿತ್ರೆಗೆ ಹಳೆಯ ತಾರೀಖುಗಳು ಬೇಕಲ್ಲ? ಗಿಟ್ ಅದಕ್ಕೂ ಬೇಡ ಎನ್ನುವುದಿಲ್ಲ. ಕಮಿಟ್ ಮಾಡುವಾಗ ಬೇಕಾದ ತಾರೀಖನ್ನು ಹೊರಗಿನಿಂದ ಹೇಳಿಕೊಡಬಹುದು. ಹೆಸರೂ ಅಷ್ಟೇ, ಕೊಟ್ಟದ್ದನ್ನು ಬರೆದುಕೊಳ್ಳುತ್ತದೆ. ಹೀಗೆ ನಾನು ಒಂದು ಮಧ್ಯಾಹ್ನ ಕೂತು ಮೂರು ವರ್ಷದ ಚರಿತ್ರೆ ಬರೆದೆ. ಆಸ್ಥಾನ ಪಂಡಿತರಿಗೂ ಇಷ್ಟು ಸಲೀಸು ಇರಲಿಲ್ಲ. ಇದನ್ನು ನೋಡಿದ ಹೊಸ ಹುಡುಗಿಯೊಬ್ಬಳು, "ಹಾಗಾದ್ರೆ ಯಾರು ಬೇಕಾದ್ರೂ ಏನು ಬೇಕಾದ್ರೂ ತಿದ್ದಬಹುದಾ ಅಕ್ಕ?" ಎಂದು ಗಾಬರಿಯಾದಳು. ತಿದ್ದಬಹುದು. ಆದರೆ ಹಳೆಯ ಒಂದು ಕಮಿಟ್‌ನಲ್ಲಿ ಅರ್ಧವಿರಾಮ ಬದಲಿಸಿದರೂ ಅದರ ಹ್ಯಾಷ್ ಬದಲಾಗುತ್ತದೆ. ಅದರ ಮೇಲೆ ನಿಂತ ಮುಂದಿನದರದ್ದೂ, ಅದರ ಮುಂದಿನದರದ್ದೂ, ಇವತ್ತಿನವರೆಗೆ ಎಲ್ಲ. ತಮ್ಮ ಹತ್ತಿರ ಹಳೆಯ ಪ್ರತಿ ಇಟ್ಟುಕೊಂಡ ಪ್ರತಿಯೊಬ್ಬರಿಗೂ ಬೆಳಗ್ಗೆ ಬಂದ ಕೂಡಲೇ ಗೊತ್ತಾಗುತ್ತದೆ. ಗುಟ್ಟಾಗಿ ತಿದ್ದಲು ಆಗುವುದಿಲ್ಲ, ಅಷ್ಟೇ. ಈ ಸೌಲಭ್ಯ ನಮ್ಮ ಎಷ್ಟೋ ಕಚೇರಿಗಳ ಕಡತಗಳಿಗೆ ಬೇಕಾಗಿತ್ತು.

ಎಲ್ಲ ಅಧ್ಯಾಯ ಮುಗಿದರೂ ಒಂದು ಮಾತ್ರ ಬರೆಯಲಾಗದೆ ಉಳಿಯಿತು: 'ಈ ಸಾಲು ಯಾಕೆ ಹೀಗಿದೆ?' ಎಲ್ಲರೂ ಕೊನೆಗೆ ಬರುವುದು ಈ ಪ್ರಶ್ನೆಗೆ. ಉತ್ತರ ಟೂಲಿನಲ್ಲಿಲ್ಲ, ಕಮಿಟ್ ಸಂದೇಶದಲ್ಲಿದೆ, ಇದ್ದರೆ. ಕರ್ನಲ್‌ನ ಲಾಗ್‌ನಲ್ಲಿ ಒಂದೇ ಸಾಲಿನ ತಿದ್ದುಪಡಿಗೆ ಮೂರು ನಾಲ್ಕು ಪ್ಯಾರಾ ಕಾರಣ ಬರೆದವರಿದ್ದಾರೆ. ನಮ್ಮಲ್ಲಿ 'ಫಿಕ್ಸ್'. ಅದರ ಮೇಲೆ 'ಫಿಕ್ಸ್ 2'. ಅದರ ಮೇಲೆ 'ಫೈನಲ್'. ಫೈನಲ್ ಆದಮೇಲೆ 'ಫೈನಲ್ ಫಿಕ್ಸ್'. ಒಂದು ಶುಕ್ರವಾರ ಸಂಜೆಯ ಕಮಿಟ್‌ಗೆ ಬರೀ ಒಂದು ಚುಕ್ಕೆ. ಇಂಥವನ್ನು ಬಣ್ಣಬಣ್ಣದ ಗೆರೆಗಳಲ್ಲಿ, ಕ್ಷಣಾರ್ಧದಲ್ಲಿ, ಬೇಕಾದ ಹಾಗೆ ಸೋಸಿ ತೋರಿಸುವ ಟೂಲ್ ನಮ್ಮ ಹತ್ತಿರ ಇದೆ. ಹುಡುಗರು ನಿಜಕ್ಕೂ ಚೆನ್ನಾಗಿ ಕಟ್ಟಿದ್ದಾರೆ.

ಆ ಅಧ್ಯಾಯದ ಜಾಗದಲ್ಲಿ ಕೊನೆಗೆ ಒಂದು ಸಾಲು ಬರೆದೆ: ಕಾರಣ ಸಂದೇಶದಲ್ಲಿ ಕಾಣದಿದ್ದರೆ ಬರೆದವರಿಗೆ ಫೋನ್ ಮಾಡಿ ಕೇಳಿ, ಅವರು ಕಂಪನಿ ಬಿಟ್ಟಿದ್ದರೆ, ಆ ಕಮಿಟ್ ಒಪ್ಪಿದವರನ್ನು ಕೇಳಿ. ಸಾಫ್ಟ್‌ವೇರ್ ಕೈಪಿಡಿಯಲ್ಲಿ ಫೋನ್ ಮಾಡಿ ಎಂದು ಬರೆಯುವುದು ಸೋಲೊಪ್ಪಿಕೊಂಡಂತೆ ಎಂದು ಆಕ್ಷೇಪ ಬಂತು. ಹಟ ಹಿಡಿದು ಉಳಿಸಿಕೊಂಡೆ.

ಕೈಪಿಡಿಯ ಫೈಲುಗಳೂ ಅದೇ ರೆಪೊದಲ್ಲಿರುವುದರಿಂದ ಅವುಗಳ ಚರಿತ್ರೆಯೂ ಅದೇ ಟೂಲಿನಲ್ಲಿ ಕಾಣುತ್ತದೆ. ಮೊನ್ನೆ ತೆಗೆದು ನೋಡಿದರೆ ಆ ಸಾಲು ಇಲ್ಲ. ಗುದ್ದಲಿ ಹಾಕಿದೆ, ತೆಗೆದವರ ಹೆಸರು, ತಾರೀಖು, ವೇಳೆ, ಪ್ಲಸ್ 0530, ಎಲ್ಲ ಒಂದೇ ಕ್ಷಣದಲ್ಲಿ ಬಂತು. ಸಂದೇಶದ ಜಾಗದಲ್ಲಿ 'ಮೈನರ್ ಚೇಂಜಸ್' ಎಂದಿತ್ತು. ಫೋನ್ ಮಾಡಿದೆ.